ಮೈಗಳ್ಳ ಅಲ್ಲ ಮಾರಾಯ್ರೆ, ಶುರು ಮಾಡ್ಲಿಕ್ಕೆ ಆಗ್ತಾ ಇಲ್ಲ

ಕನ್ನಡದಲ್ಲಿ ಮೈಗಳ್ಳ. ಹಿಂದಿಯಲ್ಲಿ ಕಾಮ್‌ಚೋರ್. ಮರಾಠಿಯಲ್ಲಿ ಕಾಮ್‌ಚುಕಾರ್. ಈ ಮೂರೂ ಶಬ್ದ ಒಬ್ಬನೇ ಹುಡುಗನ ತಲೆ ಮೇಲೆ ಬಿದ್ದದ್ದನ್ನು ನಾನು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲೇ ಕೇಳಿದ್ದೇನೆ. ಕನ್ನಡದ್ದು ಮನೆಯವರಿಂದ, ಹಿಂದಿಯದ್ದು ಟ್ಯೂಷನ್ ಟೀಚರ್ ಕಡೆಯಿಂದ, ಮರಾಠಿಯದ್ದು ಕೆಳಗಿನ ಮಹಡಿಯ ಅಜ್ಜಿಯಿಂದ. ಒಂದು ವಿಷಯದಲ್ಲಿ ನಮ್ಮ ದೇಶದ ಭಾಷೆಗಳಿಗೆ ಎಂಥಾ ಒಗ್ಗಟ್ಟು ನೋಡಿ! ಕೆಲಸ ಮಾಡದವ ಅಂದರೆ ಒಂದೋ ಕಳ್ಳ, ಇಲ್ಲಾ ತಪ್ಪಿಸಿಕೊಳ್ಳುವವ. ಅಂದರೆ ಮಾಡುವ ಶಕ್ತಿ ಅವನ ಹತ್ತಿರ ಇದೆ, ಬೇಕೆಂದೇ ಬಚ್ಚಿಟ್ಟುಕೊಂಡಿದ್ದಾನೆ ಅಂತ ಅರ್ಥ.

ಇವತ್ತು ನಾನು ಬರೆಯಬೇಕೆಂದಿರುವುದು ಈ ಅರ್ಥದ ಬಗ್ಗೆಯೇ. ಎಡಿಎಚ್‌ಡಿ ಇರುವ ಮಕ್ಕಳ ವಿಷಯದಲ್ಲಿ ಇದು ತಪ್ಪು. ತಪ್ಪು ಅನ್ನುವುದಕ್ಕಿಂತ, ತೊಂದರೆ ಎಲ್ಲಿದೆಯೋ ಅಲ್ಲಿ ನೋಡಲು ನಮ್ಮನ್ನು ಬಿಡುವುದೇ ಇಲ್ಲ.

ಹುಡುಗನ ಹೆಸರು ಬೇಡ, ನಮ್ಮ ಕುಂದಾಪುರದ ಕಡೆಯ ಹಾಗೆ ಮಾಣಿ ಅಂತಲೇ ಕರೆಯೋಣ. ನನ್ನ ತಂಗಿಯ ಮಗಳ ಮಗ. ಈಗ ಹತ್ತು ವರ್ಷ. ನನ್ನನ್ನು ದೊಡ್ಡಜ್ಜಿ ಅಂತಾನೆ. ಅವನ ಅಪ್ಪ ಅಮ್ಮ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು, ಮನೆ ಸೇರುವಾಗ ರಾತ್ರಿ ಎಂಟು. ನಾನು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ರಿಟೈರ್ ಆದವಳು. ಹಾಗಾಗಿ ಸಂಜೆ ಆರರಿಂದ ಏಳೂವರೆ ತನಕ ಮಾಣಿ ನನ್ನ ಪಾಲಿಗೆ. ಎಂಟನೇ ವಯಸ್ಸಿನಲ್ಲಿ ಡಾಕ್ಟರು ಅವನಿಗೆ ಎಡಿಎಚ್‌ಡಿ ಇದೆ ಅಂದರು. ಉದ್ದ ಹೆಸರು ಅಟೆನ್ಶನ್ ಡೆಫಿಸಿಟ್ ಹೈಪರ್‌ಆ್ಯಕ್ಟಿವಿಟಿ ಡಿಸಾರ್ಡರ್. ನಾನು ಡಾಕ್ಟರ್ ಅಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಆದರೆ ಎರಡು ವರ್ಷ ದಿನಾ ಒಂದೂವರೆ ಗಂಟೆ ಒಂದು ಮಗುವಿನ ಪಕ್ಕ ಕೂತರೆ ಕೆಲವು ಸಂಗತಿ ಕಣ್ಣಿಗೆ ಬೀಳುತ್ತವೆ. ಆಮೇಲೆ ಓದಿದಾಗ, ಅರೆ, ಇದನ್ನೇ ಅಲ್ವಾ ನಾನು ನೋಡಿದ್ದು ಅನ್ನಿಸುತ್ತದೆ.

ನೋಡಿದ್ದು ಏನು ಅಂತ ಮೊದಲು ಹೇಳ್ತೇನೆ. ಇ.ವಿ.ಎಸ್. ಪುಸ್ತಕದ ಐದು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಉತ್ತರ ಐದೂ ಗೊತ್ತು, ಕೇಳಿದರೆ ಪಟಪಟ ಹೇಳ್ತಾನೆ. ಬರೆಯಲು ಕೂತ. ಪೆನ್ಸಿಲ್ ಚೂಪು ಮಾಡಬೇಕು. ಮಾಡಿದ. ಚೂಪು ಜಾಸ್ತಿಯಾಗಿ ಮುರಿಯಿತು. ಮತ್ತೆ ಮಾಡಿದ. ರಬ್ಬರ್ ಎಲ್ಲಿ? ಸೋಫಾದ ಅಡಿಗೆ ಹೋಗಿದೆ. ಸೋಫಾದ ಅಡಿಯಲ್ಲಿ ಹಳೇ ಗೋಲಿ ಸಿಕ್ಕಿತು. ನೀರು ಬೇಕು. ಸೂಸು ಬಂತು. ಕಿಟಕಿಯ ಹೊರಗೆ ಪಾರಿವಾಳ. "ದೊಡ್ಡಜ್ಜಿ, ಪಾರಿವಾಳಕ್ಕೆ ಹಲ್ಲು ಇರ್ತದಾ?" ಇಷ್ಟಾಗುವಾಗ ಇಪ್ಪತ್ತೈದು ನಿಮಿಷ. ಈಗ ಹೊಟ್ಟೆನೋವು. ಇದು ನಾಟಕ ಅಂದುಕೊಳ್ಳಬೇಡಿ, ಮುಖ ನೋಡಿದರೆ ಗೊತ್ತಾಗುತ್ತದೆ, ನೋವು ನಿಜವಾಗಿಯೂ ಇರುತ್ತದೆ. ಪುಸ್ತಕದಲ್ಲಿ ತಾರೀಕು ಕೂಡ ಬಿದ್ದಿರುವುದಿಲ್ಲ. ಆದರೆ ಹೇಗೋ ಮೊದಲ ಉತ್ತರ ಬರೆದು ಮುಗಿಸಿದ ಅನ್ನಿ, ಆಮೇಲಿನ ನಾಲ್ಕು ಹತ್ತು ನಿಮಿಷದಲ್ಲಿ ಮುಗಿಯುತ್ತವೆ!

ನನಗೆ ಇಲ್ಲೇ ತಲೆಗೆ ಹೊಳೆದದ್ದು. ಕಷ್ಟ ಕೆಲಸದಲ್ಲಿ ಇಲ್ಲ, ಕೆಲಸದ ಬಾಗಿಲಲ್ಲಿ ಇದೆ. ನಮಗೆ ಹೊಸ್ತಿಲಿನಷ್ಟು ಎತ್ತರ ಕಾಣುವುದು ಅವನಿಗೆ ಗೋಡೆಯಷ್ಟು ಕಾಣುತ್ತದೆ.

ಇದನ್ನು ಹೇಳಿದ ತಕ್ಷಣ ಎದುರಿನವರ ಬತ್ತಳಿಕೆಯಿಂದ ಒಂದೇ ಬಾಣ ಬರುತ್ತದೆ. "ಮೊಬೈಲ್ ಕೊಟ್ಟು ನೋಡಿ, ಎರಡು ಗಂಟೆ ಅಲ್ಲಾಡದೆ ಕೂರ್ತಾನೆ. ಆಗ ಎಲ್ಲಿಂದ ಬಂತು ಗಮನ?" ಒಳ್ಳೆಯ ಪ್ರಶ್ನೆಯೇ. ಹೆಸರಿನಲ್ಲಿ "ಗಮನದ ಕೊರತೆ" ಅಂತ ಇರುವುದರಿಂದಲೇ ಈ ಗೊಂದಲ. ಗಮನ ಇಲ್ಲ ಅಂತಲ್ಲ, ಗಮನವನ್ನು ಬೇಕಾದ ಕಡೆ ತಿರುಗಿಸುವ ಸ್ಟೀರಿಂಗ್ ಬಿಗಿಯಾಗಿದೆ. ಮೊಬೈಲ್ ಆಟದಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ಏನೋ ಒಂದು ಸಿಗುತ್ತದೆ, ಒಂದು ನಾಣ್ಯ, ಒಂದು ಸದ್ದು, ಒಂದು ಪಾಯಿಂಟ್. ಇ.ವಿ.ಎಸ್. ಉತ್ತರ ಬರೆದರೆ ಸಿಗುವುದು ನಾಳೆ ಟೀಚರ್ ಹಾಕುವ ಒಂದು ರೈಟ್ ಮಾರ್ಕು. ನಾಳೆ ಅನ್ನುವುದು ಈ ಮಕ್ಕಳಿಗೆ ಬಹಳ ದೂರ. ಇಂಗ್ಲೆಂಡಿನ ಎಡ್ಮಂಡ್ ಸೊನುಗಾ-ಬಾರ್ಕ್ ಎಂಬ ಸಂಶೋಧಕರು 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಈ ಮಕ್ಕಳಿಗೆ ಕಾಯುವುದೇ ಹಿಂಸೆ, ಆ ಹಿಂಸೆಯಿಂದ ತಪ್ಪಿಸಿಕೊಳ್ಳುವ ದಾರಿಯನ್ನೇ ಅವರು ಆರಿಸುತ್ತಾರೆ ಅನ್ನುವುದು ಅವರ ವಾದ. ಅಮೆರಿಕದ ರಸೆಲ್ ಬಾರ್ಕ್ಲಿ ಇನ್ನೊಂದು ಕಡೆಯಿಂದ ಹೇಳುತ್ತಾರೆ: ಏನು ಮಾಡಬೇಕು ಅಂತ ಈ ಮಕ್ಕಳಿಗೆ ಗೊತ್ತಿರುತ್ತದೆ, ಗೊತ್ತಿದ್ದದ್ದನ್ನು ಬೇಕಾದ ಹೊತ್ತಿಗೆ ಮಾಡುವುದರಲ್ಲೇ ತೊಡಕು. ಆದ್ದರಿಂದ "ಎಷ್ಟು ಸಲ ಹೇಳಬೇಕು ನಿಂಗೆ?" ಅನ್ನುವ ನಮ್ಮ ಪ್ರಶ್ನೆಗೆ ಅರ್ಥವೇ ಇಲ್ಲ. ಹೇಳಿದ್ದು ಸಾಕಾಗಿದೆ.

2007ರಲ್ಲಿ ಫಿಲಿಪ್ ಶಾ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ ಇದೆ. ಎಡಿಎಚ್‌ಡಿ ಇದ್ದ 223 ಮಕ್ಕಳು, ಇಲ್ಲದ 223 ಮಕ್ಕಳು, ಇವರ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರ ಬೆಳೆದು ಪೂರ್ತಿ ದಪ್ಪವಾಗುವುದು ಎರಡೂ ಗುಂಪಿನಲ್ಲಿ ಒಂದೇ ಕ್ರಮದಲ್ಲಿತ್ತು, ಆದರೆ ಎಡಿಎಚ್‌ಡಿ ಮಕ್ಕಳಲ್ಲಿ ಸುಮಾರು ಮೂರು ವರ್ಷ ತಡ. ಉಳಿದವರಲ್ಲಿ ಏಳೂವರೆಗೆ ಆಗುವುದು ಇವರಲ್ಲಿ ಹತ್ತೂವರೆಗೆ. ಯೋಜನೆ ಹಾಕುವ, ತಡೆದುಕೊಳ್ಳುವ ಕೆಲಸ ಮಾಡುವ ಮುಂಭಾಗದಲ್ಲೇ ತಡ ಹೆಚ್ಚು. ಹತ್ತು ವರ್ಷದ ಹುಡುಗನಿಗೆ "ನಿನ್ನ ಪಾಡಿಗೆ ನೀನು ಕೂತು ಮುಗಿಸು" ಅನ್ನುವುದು ಈ ಒಂದು ವಿಷಯದಲ್ಲಿ ಏಳು ವರ್ಷದವನಿಗೆ ಹೇಳಿದ ಹಾಗೆ. ಬುದ್ಧಿ ಹತ್ತು ವರ್ಷದ್ದೇ ಇರುತ್ತದೆ, ಅದಕ್ಕೇ ನಮಗೆ ಸಿಟ್ಟು ಬರುವುದು.

ಹಳೇ ಡಾಕ್ಟರುಗಳೂ ನಮ್ಮ ಹಾಗೇ ಯೋಚಿಸಿದವರು ಅನ್ನುವುದು ನನಗೊಂದು ಸಮಾಧಾನ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ ಅದನ್ನು ನೈತಿಕ ಹತೋಟಿಯ ಕೊರತೆ ಅಂತಲೇ ಕರೆದರು. ಇಂದಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬಂದದ್ದು 1987ರಲ್ಲಿ. ಅಲ್ಲಿಗೆ ಬರಲು ಅವರಿಗೇ 85 ವರ್ಷ ಹಿಡಿಯಿತು, ನಮ್ಮ ಕೆಳಗಿನ ಮಹಡಿಯ ಅಜ್ಜಿಯನ್ನು ದೂರಿ ಏನು ಪ್ರಯೋಜನ.

ಆದರೆ ಒಂದು ಮಾತು. "ಪಾಪ, ಅವನಿಗೆ ಎಡಿಎಚ್‌ಡಿ" ಅಂತ ಬಿಟ್ಟುಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಯಾಕೆಂದರೆ ತಪ್ಪಿಸಿಕೊಳ್ಳುವುದು ಕಲಿತುಬಿಡುವ ವಿದ್ಯೆ. ಹೇಗೆ ಅಂತ ನೋಡಿ. ಪುಸ್ತಕ ತೆರೆದ, ಎದೆಯಲ್ಲಿ ಏನೋ ಭಾರ. ಹೊಟ್ಟೆನೋವು ಅಂದ. "ಸರಿ, ಆಮೇಲೆ ಮಾಡು" ಅಂದೆವು. ಭಾರ ಇಳಿಯಿತು. ಆ ಇಳಿದದ್ದು ಇದೆಯಲ್ಲ, ಅದೇ ಬಹುಮಾನ. ನಾಳೆ ಭಾರ ಇನ್ನೂ ಬೇಗ ಬರುತ್ತದೆ, ಹೊಟ್ಟೆನೋವೂ ಇನ್ನೂ ಬೇಗ ಬರುತ್ತದೆ. ಕೊನೆಗೆ ರಾತ್ರಿ ಹತ್ತೂವರೆಗೆ ಅಮ್ಮನೇ ಎಡಗೈಯಲ್ಲಿ, ಮಗನ ಅಕ್ಷರದ ಹಾಗೆ ಕಾಣಲಿ ಅಂತ, ಹೋಮ್‌ವರ್ಕ್ ಬರೆದು ಬ್ಯಾಗಿಗೆ ತುರುಕುತ್ತಾಳೆ. ಇದು ಎಷ್ಟು ಮನೆಗಳಲ್ಲಿ ನಡೆಯುತ್ತದೆ ಅಂತ ಅಮ್ಮಂದಿರೇ ಹೇಳಬೇಕು. ಬೈದರೂ ಇದೇ ಆಗುತ್ತದೆ, ಬಿಟ್ಟರೂ ಇದೇ ಆಗುತ್ತದೆ. ಬೈದರೆ ಭಾರ ಹೆಚ್ಚುತ್ತದೆ, ಬಿಟ್ಟರೆ ಓಡುವುದು ರೂಢಿಯಾಗುತ್ತದೆ. ಎರಡರ ಮಧ್ಯೆ ಇರುವ ಮೂರನೇ ದಾರಿ ಅಂದರೆ ಹೊಸ್ತಿಲನ್ನು ತಗ್ಗಿಸುವುದು. ಕೆಲಸ ಬಿಡುವ ಹಾಗಿಲ್ಲ, ಆದರೆ ಒಳಗೆ ಕಾಲಿಡುವ ಜಾಗ ಮಾತ್ರ ಅವನ ಕಾಲಿಗೆ ಎಟುಕಬೇಕು.

ನಾವು ಮಾಡಿದ್ದು ಬಹಳ ಸಣ್ಣ ಸಣ್ಣ ಸಂಗತಿ. ಮೊದಲನೆಯದು, ಪಕ್ಕ ಕೂರುವುದು. ಎದುರು ಅಲ್ಲ, ಪಕ್ಕ. ಎದುರು ಕೂತರೆ ಇನ್‌ಸ್ಪೆಕ್ಷನ್ ಆಗುತ್ತದೆ. ನಾನು ಹೂಬತ್ತಿ ಹೊಸೆಯುತ್ತಾ ಕೂರ್ತೇನೆ, ಅವನು ಬರೀತಾನೆ. ಅವನ ಪುಸ್ತಕದೊಳಗೆ ಇಣುಕುವುದಿಲ್ಲ. ಇದಕ್ಕೆ ಈಗ ಇಂಗ್ಲಿಷಿನಲ್ಲಿ ಬಾಡಿ ಡಬಲಿಂಗ್ ಅಂತ ಹೆಸರಿಟ್ಟಿದ್ದಾರಂತೆ, ದೊಡ್ಡವರೂ ಕಂಪ್ಯೂಟರಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಂತಮ್ಮ ಕೆಲಸ ಮಾಡ್ತಾರಂತೆ. ನನಗೆ ನಗು ಬಂತು. ಊರಿನಲ್ಲಿ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ನಾವು ಏಳು ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುವಾಗ ಅಜ್ಜಿ ಪಕ್ಕದಲ್ಲಿ ಹೂ ಕಟ್ಟುತ್ತಾ ಕೂರುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವರು ಎದ್ದು ಒಳಗೆ ಹೋದರೆ ಮಗ್ಗಿ ನಿಲ್ಲುತ್ತಿತ್ತು. ಆ ಏಳರಲ್ಲಿ ಒಬ್ಬನೋ ಇಬ್ಬರೋ ಮಾಣಿಯಂಥವರು ಇದ್ದೇ ಇದ್ದಿರಬೇಕು. ಜಗಲಿ ಅವರನ್ನು ಸಂಭಾಳಿಸಿತು. ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಒಂಟಿ ಮಗುವನ್ನು ಒಂದು ಟೇಬಲ್ಲಿಗೆ ಕೂರಿಸಿ, ಬಾಗಿಲು ಹಾಕಿ, "ಡಿಸ್ಟರ್ಬ್ ಆಗ್ಬಾರ್ದು" ಅಂತೇವಲ್ಲ, ಅದು ಈ ಮಕ್ಕಳಿಗೆ ಏಕಾಗ್ರತೆ ಅಲ್ಲ, ಏಕಾಂತವಾಸ.

(ಊರಿನಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ಹೇಳ್ತಾ ಇಲ್ಲ. ಅಲ್ಲಿ ಜಗಲಿಯ ಮೂಲೆಯಲ್ಲಿ ನಾಗರಬೆತ್ತವೂ ಇತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹೋಟೆಲ್ ಕೆಲಸಕ್ಕೆ ಅಂತ ಮುಂಬಯಿ ಬಸ್ಸು ಹತ್ತಿದ ಹುಡುಗರೂ ಇದ್ದರು. ಅವರಲ್ಲಿ ಎಷ್ಟು ಜನ "ಓದು ತಲೆಗೆ ಹತ್ತದವರು", ಎಷ್ಟು ಜನ ಕೂರಲಾರದವರು ಅಂತ ಯಾರು ಲೆಕ್ಕ ಇಟ್ಟಿದ್ದಾರೆ?)

ಎರಡನೆಯದು, ಮೊದಲ ಹೆಜ್ಜೆಯನ್ನು ನಾಚಿಕೆಯಾಗುವಷ್ಟು ಸಣ್ಣದು ಮಾಡುವುದು. "ಹೋಮ್‌ವರ್ಕ್ ಮಾಡು" ಅನ್ನುವುದು ಒಂದು ಕೆಲಸ ಅಲ್ಲ, ಹದಿನೈದು ಕೆಲಸಗಳ ಗಂಟು. ಬ್ಯಾಗ್ ತರಬೇಕು, ಡೈರಿ ನೋಡಬೇಕು, ಯಾವ ಪುಸ್ತಕ ಅಂತ ಹುಡುಕಬೇಕು, ಪುಟ ಬಿಡಿಸಬೇಕು.. ಅಷ್ಟನ್ನೂ ಮನಸ್ಸಿನಲ್ಲಿ ಒಟ್ಟಿಗೆ ಹಿಡಿದುಕೊಳ್ಳುವ ಬುಟ್ಟಿಯೇ ಈ ಮಕ್ಕಳಲ್ಲಿ ಚಿಕ್ಕದು. ಹಾಗಾಗಿ ನಾನು ಹೇಳುವುದು ಒಂದೇ. "ತಾರೀಕು ಹಾಕು." ಅಷ್ಟೇ. ಹಾಕಿದ. ಒಂದು ಲೋಟ ಮಜ್ಜಿಗೆ ಕುಡಿದ. "ಮೊದಲನೇ ಪ್ರಶ್ನೆ ಓದು." ಉತ್ತರ ಬಾಯಲ್ಲಿ ಹೇಳಿದ. "ಅದರ ಮೊದಲ ಮೂರು ಶಬ್ದ ಬರಿ." ಮೂರು ಶಬ್ದ ಬರೆದವನು ನಾಲ್ಕನೆಯದನ್ನು ತಾನೇ ಬರೀತಾನೆ, ಹೆಚ್ಚಿನ ದಿನ. ಹತ್ತು ಲೆಕ್ಕ ಇದ್ದರೆ ಮೂರು ಬಿಟ್ಟು ಉಳಿದದ್ದರ ಮೇಲೆ ಕಾಗದ ಮುಚ್ಚುತ್ತೇನೆ. ಕಾಣದ ಏಳು ಲೆಕ್ಕಕ್ಕೆ ಅಷ್ಟು ಭಾರ ಇಲ್ಲ.

ಹೇಳುವ ರೀತಿಯೂ ಇದೆ. ಅಡುಗೆಮನೆಯಿಂದ ಕೂಗಿದರೆ ಅದು ಅವನ ಪಾಲಿಗೆ ಕುಕ್ಕರಿನ ಸೀಟಿಯ ಹಾಗೆ, ಇನ್ನೊಂದು ಸದ್ದು. ಹತ್ತಿರ ಹೋಗಿ, ಹೆಗಲ ಮೇಲೆ ಕೈ ಇಟ್ಟು, ಒಂದು ವಾಕ್ಯ. ಎರಡನೇ ವಾಕ್ಯ ಹೇಳಿದರೆ ಮೊದಲನೆಯದು ಬಿದ್ದು ಹೋಗುತ್ತದೆ. ನಮ್ಮ ಕಡೆಯ ಹೆಂಗಸರಿಗೆ ಇದು ಬಹಳ ಕಷ್ಟದ ಸಾಧನೆ ಬಿಡಿ :)

ಮೂರನೆಯದು ಹೊತ್ತು. "ಅರ್ಧ ಗಂಟೆಯಲ್ಲಿ ಮುಗಿಸು" ಅಂದರೆ ಮಾಣಿಗೆ ಅರ್ಧ ಗಂಟೆ ಅನ್ನುವುದು ಕಾಣುವುದಿಲ್ಲ. ಅವನಿಗೆ ಇರುವುದು ಎರಡೇ ಹೊತ್ತು, ಒಂದು ಈಗ, ಇನ್ನೊಂದು ಈಗ ಅಲ್ಲ. ಅಡುಗೆಮನೆಗೆ ಬರುವ, ತಿರುಗಿಸಿ ಇಡುವ ಟೈಮರ್ ತಂದೆವು. ಮುಳ್ಳು ಸೊನ್ನೆಯ ಕಡೆ ಬರುವುದು ಕಣ್ಣಿಗೆ ಕಾಣಬೇಕು. ಏಳು ನಿಮಿಷ ಬರೆಯುವುದು, ಮೂರು ನಿಮಿಷ ಪ್ಯಾಸೇಜಿನಲ್ಲಿ ಚೆಂಡು ಹೊಡೆಯುವುದು. ಏಳು ಯಾಕೆ ಅಂತ ಕೇಳಬೇಡಿ, ಧೋನಿಯ ಜೆರ್ಸಿ ನಂಬರು ಅಂತ ಅವನೇ ಆರಿಸಿದ್ದು. ತಾನು ಆರಿಸಿದ್ದು ಅನ್ನುವುದಕ್ಕೂ ಒಂದು ಬೆಲೆ ಇದೆ.

ಬರೆಯುವಾಗ ಕುರ್ಚಿಯಲ್ಲೇ ಕೂರಬೇಕು ಅಂತ ಹಟ ಹಿಡಿಯುವುದನ್ನು ಬಿಡಿ. ಮಾಣಿ ನನ್ನ ಹಳೇ ಹೊಲಿಗೆ ಮಿಷನ್ನಿನ ಮೇಲೆ ಪುಸ್ತಕ ಇಟ್ಟು ನಿಂತು ಬರೀತಾನೆ, ಕಾಲು ಕೆಳಗೆ ಪೆಡಲ್ ತುಳಿಯುತ್ತಾ ಇರುತ್ತದೆ. ಬೆಲ್ಟ್ ತೆಗೆದಿದ್ದೇವೆ, ಹೆದರಬೇಡಿ. ಫ್ಲೋರಿಡಾದಲ್ಲಿ ಮಾರ್ಕ್ ರ‍್ಯಾಪೋರ್ಟ್ ಎಂಬವರ ತಂಡ ಈ ಮಕ್ಕಳ ಚಡಪಡಿಕೆಯನ್ನು ಅಳೆದು ನೋಡಿದೆ. ಮನಸ್ಸಿನಲ್ಲಿ ಏನನ್ನೋ ಹಿಡಿದಿಟ್ಟುಕೊಳ್ಳಬೇಕಾದ ಕೆಲಸ ಕೊಟ್ಟಾಗಲೇ ಅವರ ಅಲ್ಲಾಟ ಹೆಚ್ಚಾಗುತ್ತದೆ. 2015ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ, ಹೆಚ್ಚು ಅಲ್ಲಾಡಿದ ಎಡಿಎಚ್‌ಡಿ ಮಕ್ಕಳು ಆ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿದರು ಅಂತಿದೆ. "ಮೊದಲು ಸರಿಯಾಗಿ ಕೂರು, ಆಮೇಲೆ ಓದು" ಅನ್ನುವವರಿಗೆ ಇದನ್ನು ಯಾರಾದರೂ ತಿಳಿಸಬೇಕು.

ಇನ್ನು ಬಹುಮಾನ. "ಫಸ್ಟ್ ಬಂದ್ರೆ ಸೈಕಲ್ ತೆಗೆಸಿಕೊಡ್ತೇವೆ" ಅಂತ ಅವನ ಅಪ್ಪ ಜೂನಿನಲ್ಲಿ ಹೇಳಿದ. ಪರೀಕ್ಷೆ ಏಪ್ರಿಲಿನಲ್ಲಿ. ಹತ್ತು ತಿಂಗಳು! ನಮ್ಮಲ್ಲಿ ನಡೆದದ್ದು ಹುಣಸೆಬೀಜ. ಶುರು ಮಾಡಿದ್ದಕ್ಕೆ ಒಂದು ಬೀಜ, ಆ ಕ್ಷಣವೇ, ಹಾರ್ಲಿಕ್ಸ್ ಬಾಟಲಿಗೆ ಟಣ್ ಅಂತ. ಗಮನಿಸಿ, ಮುಗಿಸಿದ್ದಕ್ಕೆ ಅಲ್ಲ, ಶುರು ಮಾಡಿದ್ದಕ್ಕೆ. ಹನ್ನೆರಡು ಬೀಜಕ್ಕೆ ನನ್ನ ಜೊತೆ ಪ್ಯಾಸೇಜಿನಲ್ಲಿ ಎರಡು ಓವರ್ ಕ್ರಿಕೆಟ್, ಅಂಡರ್‌ಆರ್ಮ್. "ಇದು ಲಂಚ ಅಲ್ವಾ ಅಕ್ಕಾ?" ಅಂತ ನನ್ನ ತಂಗಿಯೇ ಕೇಳಿದಳು. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ನನಗೆ ತಿಂಗಳ ಕೊನೆಗೆ ಕೊಟ್ಟದ್ದನ್ನು ನಾನು ಲಂಚ ಅಂತ ಕರೆದಿರಲಿಲ್ಲ. ಕೊಟ್ಟ ಬೀಜವನ್ನು ಸಿಟ್ಟಿನಲ್ಲಿ ವಾಪಸ್ ತೆಗೆಯಬಾರದು ಅನ್ನುವುದೊಂದೇ ನಿಯಮ. ಅದಕ್ಕೆ ಅವನ ಅಮ್ಮನ ಹತ್ತಿರ ನಾನು ಜಗಳ ಮಾಡಬೇಕಾಯಿತು.

ಇದೆಲ್ಲ ಮಂತ್ರ ಅಲ್ಲ. ಗೋಡೆಗೆ ಅಂಟಿಸಿದ ಬಣ್ಣದ ಚಾರ್ಟು ಹನ್ನೊಂದು ದಿನ ನಡೆಯಿತು, ಹನ್ನೆರಡನೇ ದಿನ ಅದು ಗೋಡೆಯ ಭಾಗವಾಗಿ ಹೋಯಿತು. ಹೊಸತು ಹಳತಾದ ಕೂಡಲೇ ಈ ಮಕ್ಕಳಿಗೆ ಅದು ಕಾಣಿಸುವುದಿಲ್ಲ, ಬದಲಾಯಿಸುತ್ತಾ ಇರಬೇಕು. ಕೆಲವು ಸಂಜೆ ಏನೂ ಆಗುವುದಿಲ್ಲ. ಸ್ಕೂಲಿನಲ್ಲಿ ಆರು ಗಂಟೆ ತಡೆದುಕೊಂಡು ಬಂದವನಿಗೆ ಮಳೆಗಾಲದ ಸಂಜೆ, ಲೈಟ್ ಹಾಕಿದ ಕೋಣೆಯಲ್ಲಿ, ತಡೆಯುವ ಶಕ್ತಿ ಮುಗಿದಿರುತ್ತದೆ. ಅಂಥ ದಿನ ತಾರೀಕು ಹಾಕಿ ಒಂದು ಸಾಲು ಬರೆಸಿ ಮುಚ್ಚುತ್ತೇವೆ. ಆ ಒಂದು ಸಾಲು ಬೇಕು. ಓಡಿಹೋದದ್ದು ಗೆದ್ದದ್ದು ಆಗಬಾರದು.

ಮಗು ಓದುವುದು ಬರೆಯುವುದನ್ನು ಮಾತ್ರ ತಪ್ಪಿಸಿಕೊಂಡು, ಬಾಯಿಲೆಕ್ಕಕ್ಕೆ ಚಿತ್ರಕ್ಕೆ ಸಲೀಸಾಗಿ ಕೂರುತ್ತಿದ್ದರೆ ಡಿಸ್ಲೆಕ್ಸಿಯಾ ತರಹದ ಕಲಿಕೆಯ ತೊಡಕು ಇದೆಯಾ ಅಂತ ನೋಡಿಸಬೇಕು, ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಕಣ್ಣು, ಕಿವಿ, ನಿದ್ದೆ, ಇವನ್ನೂ. 2007ರಲ್ಲಿ ಬಂದ "ತಾರೇ ಜಮೀನ್ ಪರ್" ಸಿನಿಮಾದಿಂದ ಡಿಸ್ಲೆಕ್ಸಿಯಾ ನಮ್ಮ ಜನರಿಗೆ ಗೊತ್ತಾಯಿತು, ಕಣ್ಣೀರೂ ಬಂತು. ಎಡಿಎಚ್‌ಡಿ ಮಗುವನ್ನು ನೋಡಿ ಅಷ್ಟು ಸುಲಭಕ್ಕೆ ಕಣ್ಣೀರು ಬರುವುದಿಲ್ಲ, ಸಿಟ್ಟು ಬರುತ್ತದೆ. ಅದೇ ಅವರ ದುರದೃಷ್ಟ. ಇನ್ನೂ ದೊಡ್ಡ ದುರದೃಷ್ಟ ಹೆಣ್ಣುಮಕ್ಕಳದ್ದು. ಅವರಲ್ಲಿ ಎಷ್ಟೋ ಜನ ಓಡಾಡುವುದಿಲ್ಲ, ಸುಮ್ಮನೆ ಕೂತು ಎಲ್ಲೋ ನೋಡುತ್ತಿರುತ್ತಾರೆ, ಖಾಲಿ ಪುಟದ ಎದುರು. "ಪಾಪದ ಹುಡುಗಿ, ಸ್ವಲ್ಪ ಮಂದ" ಅಂತ ಒಂದು ಮಾತಿನಲ್ಲಿ ಅವರ ಕಥೆ ಮುಗಿದುಹೋಗುತ್ತದೆ.

ಮಾತ್ರೆಯ ವಿಷಯ ಬಂದರೆ ನಮ್ಮವರ ಮನೆಗಳಲ್ಲಿ ಧ್ವನಿ ತಗ್ಗುತ್ತದೆ. "ಹುಚ್ಚಿನ ಮಾತ್ರೆ" ಅಂತ ಪಿಸುಗುಟ್ಟುತ್ತಾರೆ. ಹೆಚ್ಚಾಗಿ ಕೊಡುವ ಮೀಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾದದ್ದು, ಎಷ್ಟೋ ದಶಕಗಳಿಂದ ಮಕ್ಕಳಿಗೆ ಕೊಡುತ್ತಾ ಬಂದ ಔಷಧ. ಅಮೆರಿಕದ ಮಕ್ಕಳ ವೈದ್ಯರ ಸಂಘ 2019ರಲ್ಲಿ ಕೊಟ್ಟ ಸೂಚನೆಯಂತೆ ಆರು ವರ್ಷಕ್ಕಿಂತ ಚಿಕ್ಕವರಿಗೆ ಮೊದಲು ಅಪ್ಪ ಅಮ್ಮನಿಗೇ ತರಬೇತಿ, ಆರು ದಾಟಿದವರಿಗೆ ಔಷಧ ಮತ್ತು ಇಂಥ ನಡವಳಿಕೆಯ ತರಬೇತಿ ಎರಡೂ. ಕೆಲವರಿಗೆ ಹಸಿವು ಕಡಿಮೆಯಾಗುತ್ತದೆ, ನಿದ್ದೆ ತಡವಾಗುತ್ತದೆ, ಅದನ್ನೆಲ್ಲ ಡಾಕ್ಟರು ನೋಡಿಕೊಳ್ಳಬೇಕು. ಮಾಣಿಗೆ ಕೊಡಬೇಕೋ ಬೇಡವೋ ಅನ್ನುವುದು ಅವನ ಅಪ್ಪ ಅಮ್ಮ ಮತ್ತು ಡಾಕ್ಟರು ಸೇರಿ ತೀರ್ಮಾನಿಸಿದ ವಿಷಯ, ಇಲ್ಲಿ ಬರೆಯುವುದಿಲ್ಲ. ನನ್ನ ತಕರಾರು ಇಷ್ಟೇ. ಡಾಕ್ಟರು ಬರೆದುಕೊಟ್ಟ ಔಷಧಕ್ಕೆ ನೂರು ಪ್ರಶ್ನೆ ಕೇಳುವವರು, ಫ್ಯಾಮಿಲಿ ಗ್ರೂಪಿನಲ್ಲಿ ಬಂದ "ಬುದ್ಧಿ ಚುರುಕಾಗುವ" ಲೇಹ್ಯಕ್ಕೆ ಒಂದೂ ಪ್ರಶ್ನೆ ಕೇಳುವುದಿಲ್ಲ. ಮತ್ತೆ, ಮಾತ್ರೆ ಹೊಸ್ತಿಲನ್ನು ತಗ್ಗಿಸಬಹುದು, ಯಾವ ಪುಟ ಬಿಡಿಸಬೇಕು ಅಂತ ಹೇಳಿಕೊಡುವುದಿಲ್ಲ. ಪಕ್ಕ ಕೂರುವವರು ಆಗಲೂ ಬೇಕು.

ಈಗ ನನ್ನ ಹೊಟ್ಟೆಯೊಳಗಿನ ಕಿಚ್ಚಿನ ವಿಷಯ. ಮಾಣಿಯ ಹೋಮ್‌ವರ್ಕ್ ತೊಂದರೆ ಶುರುವಾದಾಗ ಸ್ಕೂಲಿನಲ್ಲಿ ಅವನ ಅಮ್ಮನನ್ನು ಕರೆಸಿ ಹೇಳಿದ್ದು ಏನು ಗೊತ್ತಾ? "ಮನೆಯಲ್ಲಿ ನಿಮ್ಮ ಭಾಷೆ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ, ಮಗುವಿಗೆ ಕನ್‌ಫ್ಯೂಸ್ ಆಗ್ತಿದೆ." ಲೆಕ್ಕ ಹಾಕಿದರೆ ಅವನ ತಲೆಯಲ್ಲಿ ನಾಲ್ಕು ಭಾಷೆ ಹೌದು. ಮನೆಯಲ್ಲಿ ಕುಂದಾಪ್ರ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷು, ಪ್ಯಾಸೇಜಿನಲ್ಲಿ ಹಿಂದಿ, ಮಹಾರಾಷ್ಟ್ರದ 2020ರ ಕಾಯಿದೆಯಿಂದ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾದ ಮರಾಠಿ. ನಾಲ್ಕರಲ್ಲಿ ಬಿಡಲು ಸುಲಭ ಅಂತ ಅವರಿಗೆ ಕಂಡದ್ದು ಕನ್ನಡ! ಎರಡು ಮೂರು ಭಾಷೆಯಲ್ಲಿ ಬೆಳೆದದ್ದರಿಂದ ಎಡಿಎಚ್‌ಡಿ ಬರುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಇದರಲ್ಲಿ ಆನುವಂಶಿಕತೆಯ ಪಾಲು ಬಹಳ ದೊಡ್ಡದು ಅಂತ ಅವಳಿ ಮಕ್ಕಳ ಅಧ್ಯಯನಗಳಿಂದ ಗೊತ್ತಾಗಿದೆ. (ಮಾಣಿಯ ಅಜ್ಜ, ಅಂದರೆ ನನ್ನ ತಂಗಿಯ ಗಂಡ, ಹೋಟೆಲಿನ ಲೆಕ್ಕದ ಪುಸ್ತಕವನ್ನು ವರ್ಷಕ್ಕೊಮ್ಮೆ, ಅದೂ ಆಡಿಟರ್ ಬಾಗಿಲಿಗೆ ಬಂದಾಗ ತೆರೆಯುತ್ತಿದ್ದರು. ಬುದ್ಧಿವಂತರೇ. ಇದರ ಬಗ್ಗೆ ಹೆಚ್ಚು ಬರೆದರೆ ತಂಗಿ ನನ್ನನ್ನು ಮನೆಗೆ ಸೇರಿಸುವುದಿಲ್ಲ.)

ಕನ್ನಡ ಬಿಡಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಪಕ್ಕ ಕೂತವಳು ನಾನು. ನನಗೆ ಪ್ರೀತಿ ಬರುವುದು, ಸಿಟ್ಟು ಬರುವುದು, ತಮಾಷೆ ಬರುವುದು ಎಲ್ಲ ಕನ್ನಡದಲ್ಲಿ. ಅವನೂ ಉತ್ತರವನ್ನು ಮೊದಲು ಹೇಳುವುದು ಕನ್ನಡದಲ್ಲೇ. "ಬೀಜ ಗಾಳಿಗೆ ಹಾರಿ ಹೋಪುದು, ನೀರಗೆ ತೇಲಿ ಹೋಪುದು, ಹಕ್ಕಿ ತಿಂದು ಬೇರೆ ಕಡೆ ಹಾಕುದು." ವಿಷಯ ಬಾಯಿಗೆ ಬಂದಾಯಿತು, ಉಳಿದದ್ದು ಅದನ್ನು ಇಂಗ್ಲಿಷಿಗೆ ಇಳಿಸುವ ಕೆಲಸ ಮಾತ್ರ. ಯೋಚಿಸುವುದು, ಭಾಷೆ ಹುಡುಕುವುದು, ಸ್ಪೆಲ್ಲಿಂಗು, ಅಕ್ಷರ, ನಾಲ್ಕು ಹೊರೆ ಒಟ್ಟಿಗೆ ಹೊರುವ ಬದಲು ಒಂದನ್ನು ಮನೆಭಾಷೆಯಲ್ಲಿ ಮೊದಲೇ ಇಳಿಸಿದ ಹಾಗೆ. ಅವನ ಹೊಸ್ತಿಲನ್ನು ತಗ್ಗಿಸಿದ್ದರಲ್ಲಿ ಟೈಮರಿಗಿಂತ, ಹುಣಸೆಬೀಜಕ್ಕಿಂತ ಕನ್ನಡದ ಪಾಲು ಹೆಚ್ಚು ಅಂತ ನನ್ನ ಲೆಕ್ಕ. ಚೆನ್ನೈಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನಿಮಗೂ ಯಾರಾದರೂ ಈ ಸಲಹೆ ಕೊಟ್ಟಿದ್ದರೆ, ದಯವಿಟ್ಟು ಕೇಳಬೇಡಿ. ಮಗುವನ್ನು ನೋಡುತ್ತಿರುವ ಡಾಕ್ಟರ ಹತ್ತಿರ ಮೊದಲು ಒಂದು ಸಲ ವಿಚಾರಿಸಿ.

ಕಾನೂನಿನ ಕಡೆಯಿಂದ ಎಷ್ಟು ಆಸರೆ ಇದೆ ಅಂತ ಕೇಳಿದರೆ, ಅರ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಗಳ ಪಟ್ಟಿ ಇದೆ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು ಅದರಲ್ಲಿ ಇದೆ, ಆಟಿಸಂ ಇದೆ. ಎಡಿಎಚ್‌ಡಿಯ ಹೆಸರು ಇಲ್ಲ. ಹೀಗಾಗಿ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸವಲತ್ತು ಕೇಳಲು ಹೋದಾಗ, ಎಡಿಎಚ್‌ಡಿ ಮಾತ್ರ ಇರುವ ಮಗುವಿನ ಅಪ್ಪ ಅಮ್ಮ ಕಲಿಕೆಯ ತೊಡಕಿನವರಷ್ಟು ಗಟ್ಟಿಯಾಗಿ ನಿಲ್ಲಲಾರರು. ಎರಡೂ ಇದ್ದರೆ ಎರಡನ್ನೂ ಬರೆಸಿಕೊಳ್ಳಿ, ಹತ್ತನೇ ಕ್ಲಾಸಿನ ತನಕ ಕಾಯಬೇಡಿ, ಸರ್ಟಿಫಿಕೇಟು ಕೊಡುವ ಸರ್ಕಾರಿ ಆಸ್ಪತ್ರೆಗಳಲ್ಲಿ ಸರದಿ ಉದ್ದ.

ಆದರೆ ನಾಲ್ಕನೇ ಕ್ಲಾಸಿನ ಮಗುವಿಗೆ ಬೇಕಾದ್ದಕ್ಕೆ ಯಾವ ಸರ್ಟಿಫಿಕೇಟೂ ಬೇಡ. ಹತ್ತು ಲೆಕ್ಕದ ಬದಲು ಐದು ಕೊಡಿ, ಐದು ಸರಿ ಮಾಡಿದವನಿಗೆ ಹತ್ತು ಬರುತ್ತದೆ. ಮೊದಲ ಬೆಂಚಿನಲ್ಲಿ ಕೂರಿಸಿ. ಬೋರ್ಡ್ ಒರೆಸುವ ಕೆಲಸ ಅವನಿಗೇ ಕೊಡಿ, ಎದ್ದು ಓಡಾಡಲು ಒಂದು ಮರ್ಯಾದೆಯ ಕಾರಣ ಸಿಗುತ್ತದೆ. ಹೋಮ್‌ವರ್ಕ್ ಆಗದ ದಿನ ಡೈರಿಯಲ್ಲಿ ಕೆಂಪು ಶಾಯಿಯ ಬದಲು ಎಷ್ಟು ಆಗಿದೆ ಅಂತ ಬರೆಯಿರಿ. ಈ ನಾಲ್ಕನ್ನು ಮಾಣಿಯ ಅಮ್ಮ ಒಂದು ಹಾಳೆಯಲ್ಲಿ ಬರೆದು ಈ ವರ್ಷದ ಹೊಸ ಕ್ಲಾಸ್ ಟೀಚರಿಗೆ ಕೊಟ್ಟಳು. ನಲವತ್ತೆಂಟು ಮಕ್ಕಳಿರುವ ಕ್ಲಾಸು, ಆ ಹೆಣ್ಣುಮಗಳಾದರೂ ಎಷ್ಟು ಮಾಡಿಯಾಳು? ಲೋಕದ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟು ಸೇರಿಸಿದರೆ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದು ಇರುತ್ತದೆ ಅಂತ ಅಂದಾಜು. ಅಂದರೆ ಆ ಕ್ಲಾಸಿನಲ್ಲಿ ಮಾಣಿ ಒಬ್ಬನೇ ಇರಲಿಕ್ಕಿಲ್ಲ. ಆಕೆ ಹಾಳೆ ಓದಿ, ಮೊದಲ ಬೆಂಚು ಮತ್ತು ಬೋರ್ಡಿನ ಕೆಲಸ ನಾಳೆಯಿಂದಲೇ, ಐದು ಲೆಕ್ಕದ್ದು ದೀಪಾವಳಿ ರಜೆ ತನಕ ಮಾಡಿ ನೋಡೋಣ ಅಂದರಂತೆ. ಡೈರಿಯ ಬಗ್ಗೆ ಏನೂ ಹೇಳಲಿಲ್ಲ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಹುಣಸೆಬೀಜ ಬೋರ್ ಆಯಿತು ಅಂತ ಹೋದ ವಾರದಿಂದ ಹೇಳ್ತಾ ಇದ್ದಾನೆ. ಕವಡೆ ಕೊಟ್ಟು ನೋಡಿದೆ, ಎರಡೇ ದಿನ. ಮೊಬೈಲ್ ಅಲ್ಲದ, ತಿನ್ನುವುದಲ್ಲದ, ಬಾಟಲಿಗೆ ಹಾಕಿದರೆ ಟಣ್ ಅನ್ನುವ ವಸ್ತು ನಿಮಗೇನಾದರೂ ಹೊಳೆದರೆ ಹೇಳಿ ಮಾರಾಯ್ರೆ. ಸೋಮವಾರದೊಳಗೆ ಬೇಕು, ಮರಾಠಿ ಪ್ರಾಜೆಕ್ಟ್ ಶುರುವಾಗ್ತದೆ.